ಎದೆಗೆ ಪ್ಯಾಡ್, ಲ್ಯಾಪ್‌ಟಾಪಿಗೆ ಚಾರ್ಜರ್: ಮನೆಯಲ್ಲಿ ಕಟ್ಟಿದ ನಾಡಿ ಸೆನ್ಸರ್ ಬಗ್ಗೆ ಪ್ರಶ್ನೋತ್ತರ

ಎಂಜಿನಿಯರ್: ನಾನು ಕಲಬುರಗಿಯಲ್ಲಿ ಆಸ್ಪತ್ರೆ ಯಂತ್ರಗಳನ್ನು ರಿಪೇರಿ ಮಾಡುತ್ತೇನೆ. ಡಾಕ್ಟರ್ ಅಲ್ಲ. ನಾಡಿ ಸೆನ್ಸರ್ ಕಟ್ಟುತ್ತಿರುವವರು ಕೇಳಿ.

ಯಾದಗಿರಿ: ಬೆಳಕಿನಿಂದ ನಾಡಿ ಓದುವ ಮ್ಯಾಕ್ಸ್30102 ಸೆನ್ಸರ್ ಬೆರಳಿಗೆ ಕಟ್ಟಿದ್ದೇನೆ. ಗ್ರಾಫ್ ತೋರಿಸುವ ಸೀರಿಯಲ್ ಪ್ಲಾಟರ್‌ನಲ್ಲಿ ಗೆರೆ ಓಡುತ್ತದೆ, ಬಡಿತ ಕಾಣಲ್ಲ.

ಎಂಜಿನಿಯರ್: ಸೆಕೆಂಡಿಗೆ 100 ಸಲ ಓದುತ್ತಿದ್ದೀರಿ ಅಲ್ವಾ? ಕೋಡ್ ಬರೆಯುವ ಸಾಫ್ಟ್‌ವೇರ್ ಆರ್ಡುಯಿನೊ ಐಡಿಇ 2ರ ಪ್ಲಾಟರ್ 50 ಬಿಂದು ಮಾತ್ರ ತೋರಿಸುತ್ತದೆ. ಅಂದರೆ ಅರ್ಧ ಸೆಕೆಂಡು, ಒಂದು ಬಡಿತವೂ ಪೂರ್ತಿ ಹಿಡಿಯಲ್ಲ. ಹಳೆಯ 1.8ರಲ್ಲಿ 500 ಬರುತ್ತವೆ, ಅದನ್ನು ಹಾಕಿಕೊಳ್ಳಿ. ಬೆರಳಿಗೆ ಕಪ್ಪು ಬಟ್ಟೆ ಸುತ್ತಿ, ನಮ್ಮ ಬಿಸಿಲು ರೀಡಿಂಗ್ ಕೆಡಿಸುತ್ತದೆ.

ಸೇಡಂ: ವೈಫೈ ಇರುವ ಪುಟ್ಟ ಬೋರ್ಡು ಇಎಸ್‌ಪಿ32ರಲ್ಲಿ ವೈಫೈ ಹಾಕಿದ ಕೂಡಲೇ ರೀಡಿಂಗ್ ನಿಲ್ಲುತ್ತದೆ.

ಎಂಜಿನಿಯರ್: ಪಿನ್ 34ಕ್ಕೆ ಹಾಕಿ. ವೈಫೈ ಇದ್ದಾಗ ಎಡಿಸಿ2 ಅನ್ನುವ ಗುಂಪಿನ ಪಿನ್‌ಗಳು ಓದುವುದಿಲ್ಲ, 34 ಆ ಗುಂಪಿನದಲ್ಲ.

ಭಾಲ್ಕಿ: ಅಪ್ಪ ಹೊಲದಲ್ಲಿ ಎರಡು ಸಲ ಕಣ್ಣು ಕತ್ತಲೆ ಬಂದು ಬಿದ್ದರು. ಇಸಿಜಿ ತೆಗೆಯುವ ಎಡಿ8232 ಬೋರ್ಡು ತರಿಸಿ ಎದೆಗೆ ಮೂರು ಪ್ಯಾಡ್ ಹಚ್ಚಿ ಲ್ಯಾಪ್‌ಟಾಪಿನಲ್ಲಿ ಗ್ರಾಫ್ ನೋಡುತ್ತಿದ್ದೇನೆ. ಚಾರ್ಜರ್ ಹಾಕಿದರೆ ಗೆರೆ ದಪ್ಪಗಾಗುತ್ತದೆ, ಅಪ್ಪನಿಗೂ ಜುಮ್ ಅನ್ನುತ್ತದಂತೆ. ಫಿಲ್ಟರ್ ಕೋಡ್ ಕೊಡುತ್ತೀರಾ?

ಎಂಜಿನಿಯರ್: ಮೊದಲು ಚಾರ್ಜರ್ ಕೀಳಿ, ಆಮೇಲೆ ಓದಿ. ಆ ದಪ್ಪ ಗೆರೆ ಮನೆ ಕರೆಂಟಿನ 50 ಹರ್ಟ್ಸ್. ಕೋಡ್ ಬರೆದು ಗೆರೆ ತೆಳ್ಳಗೆ ಮಾಡಬಹುದು, ಆದರೆ ಅಪ್ಪನ ಮೈಯಲ್ಲಿ ಹರಿಯುವುದು ನಿಲ್ಲಲ್ಲ. ಎರಡು ಪಿನ್ನಿನ ಚಾರ್ಜರ್ ಯಾವಾಗಲೂ ಸ್ವಲ್ಪ ಕರೆಂಟು ಸೋರುತ್ತದೆ. ಒಣ ಚರ್ಮ ಅದನ್ನು ತಡೆಯುತ್ತದೆ, ಪ್ಯಾಡಿನ ಜೆಲ್ ಆ ತಡೆಯನ್ನೇ ಕಡಿಮೆ ಮಾಡುತ್ತದೆ, ಅದೂ ಎದೆಯ ಮೇಲೆ. ಆಸ್ಪತ್ರೆಯ ಇಸಿಜಿಯಲ್ಲಿ ರೋಗಿಯ ಕಡೆಯ ಸರ್ಕ್ಯೂಟನ್ನು ಕರೆಂಟಿನಿಂದ ಪೂರ್ತಿ ಬೇರೆ ಮಾಡಿರುತ್ತಾರೆ. ಹೃದಯಕ್ಕೆ ನೇರ ತಾಗುವ ಸಾಧನದಲ್ಲಿ ರೋಗಿಗೆ ಸೋರುವ ಕರೆಂಟು ಮಾಮೂಲಿ ಬಳಕೆಯಲ್ಲಿ 10 ಮೈಕ್ರೋಆಂಪ್ ದಾಟಬಾರದು ಅನ್ನುತ್ತದೆ ವೈದ್ಯಕೀಯ ಯಂತ್ರಗಳ ಸುರಕ್ಷತಾ ಮಾನದಂಡ ಐಇಸಿ 60601. ನಿಮ್ಮ ಬೋರ್ಡಿನಲ್ಲಿ ಆ ರಕ್ಷಣೆ ಇಲ್ಲ. ಇಎಸ್‌ಪಿ32ಕ್ಕೆ ಬ್ಯಾಟರಿ ಕೊಟ್ಟು ವೈಫೈಯಲ್ಲಿ ಗ್ರಾಫ್ ಕಳಿಸಿ. ಮೈಗೂ ಗೋಡೆಯ ಸಾಕೆಟ್ಟಿಗೂ ನಡುವೆ ತಂತಿಯೇ ಇರಬಾರದು.

ಗ್ರಾಫ್ ಸರಿ ಇದೆ ಅಂತ ಸುಮ್ನೆ ಕೂರಬೇಡಿ. ಮೂರು ಪ್ಯಾಡಿನಲ್ಲಿ ಒಂದೇ ಕಡೆಯಿಂದ ಹೃದಯ ಕಾಣುತ್ತದೆ, ಆಸ್ಪತ್ರೆಯಲ್ಲಿ 12 ಲೀಡ್, ಅಂದರೆ ಹನ್ನೆರಡು ಕಡೆಯಿಂದ ತೆಗೆಯುತ್ತಾರೆ. ಬೀದರಿನ ಬ್ರಿಮ್ಸ್ ಆಸ್ಪತ್ರೆಗೆ ನಾಳೆಯೇ ಕರೆದುಕೊಂಡು ಹೋಗಿ. ಎದೆನೋವು ಬಂದರೆ, ಮತ್ತೆ ಬಿದ್ದರೆ ಕಾಯದೆ 108ಕ್ಕೆ ಫೋನ್ ಮಾಡಿ.

ಆಳಂದ: ಬಂದ ಮೆಸೇಜು ಹಾಕುತ್ತಿದ್ದೇನೆ. ಜೇಬಿನಲ್ಲಿ ಉಳ್ಳಾಗಡ್ಡಿ ಇಟ್ಟುಕೊಂಡರೆ ಬಿಸಿಲು ಬಡಿಯಲ್ಲ, ಕಣ್ಣು ಕತ್ತಲೆ ಬರಲ್ಲ.

ಎಂಜಿನಿಯರ್: ಜೇಬಿನ ಉಳ್ಳಾಗಡ್ಡಿಯಿಂದ ಮೈ ತಣ್ಣಗಾಗಲ್ಲ. ನೆರಳು, ನೀರು, ಒದ್ದೆ ಬಟ್ಟೆ ಬೇಕು. ಎರಡು ಸಲ ಬಿದ್ದ ಮನುಷ್ಯನ ವಿಷಯದಲ್ಲಿ ಇಂಥದ್ದು ಹಾಕಬೇಡಿ.

ಆಳಂದ: ನಮ್ಮ ಅಜ್ಜ ಜೀವನಪೂರ್ತಿ ಇಟ್ಟುಕೊಂಡಿದ್ದರು, ಒಂದು ದಿನ ಬೀಳಲಿಲ್ಲ.

ಹುಮನಾಬಾದ್: ಅಜ್ಜ ಮಧ್ಯಾಹ್ನ ಬೇವಿನ ಗಿಡದ ಕೆಳಗೆ ಮಲಗುತ್ತಿದ್ದರು ಅಲ್ವಾ? ಅದರಿಂದ ಉಳಿದರು.

ಆಳಂದ: ನಮ್ಮ ಅಜ್ಜನನ್ನು ನೀವು ನೋಡಿದ್ದೀರಾ? ಹಿರಿಯರ ಬಗ್ಗೆ ಮರ್ಯಾದೆ ಇರಲಿ.

ಹುಮನಾಬಾದ್: ಮೆಸೇಜು ಹಾಕಿದ್ದು ನೀವು. ಇಷ್ಟಕ್ಕೂ ಈ ತಂತಿ ಕೆಲಸ ಯಾಕೆ? ಒಂದು ವಾಚ್ ತಗೊಳ್ಳಿ.

ಯಾದಗಿರಿ: ಎಲ್ಲಾ ಕೊಂಡುಕೊಂಡರೆ ಕಲಿಯುವುದು ಯಾವಾಗ?

ಶಹಾಪುರ: ಸರ್, ವೈಫೈ ಹಾಕಿದರೆ ನನಗೂ ಸೊನ್ನೆ ಬರುತ್ತದೆ.

ಎಂಜಿನಿಯರ್: ಪಿನ್ 34. ಮೇಲೆ ಓದಿ.

ಸುರಪುರ: ಬಿದ್ದಾಗ ಗೊತ್ತಾಗುವಂತೆ ಅಲುಗಾಟ ಅಳೆಯುವ ಎಂಪಿಯು6050 ಸೆನ್ಸರ್ ಸೊಂಟಕ್ಕೆ ಕಟ್ಟಬೇಕಾ, ಮಣಿಕಟ್ಟಿಗಾ?

ಚಿಂಚೋಳಿ: ಸೆಲ್ಲು ಚಾರ್ಜ್ ಮಾಡುವ ಟಿಪಿ4056 ಬೋರ್ಡು ಬೇಕಿಲ್ಲ, ಫೋನ್ ಚಾರ್ಜರ್ ತಂತಿ ನೇರ ಲಿಥಿಯಂ ಸೆಲ್ಲಿಗೆ ಕೊಡಿ ಅಂತ ವಿಡಿಯೊ ಬಂದಿದೆ. ಮಾಡಬಹುದಾ?

ಎಂಜಿನಿಯರ್: ಮಾಡಬೇಡಿ! ಚಾರ್ಜರ್ 5 ವೋಲ್ಟ್, ಸೆಲ್ಲು 4.2 ದಾಟಬಾರದು. ಮೈಮೇಲೆ ಕಟ್ಟುವ ಸೆಲ್ಲು ಅದು, ಹೊತ್ತಿಕೊಂಡರೆ ಬಿಚ್ಚಲು ಸಮಯ ಸಿಗಲ್ಲ. ಟಿಪಿ4056 ಬೋರ್ಡು ಕೊಡುವ 1 ಆಂಪ್ ಕೂಡ 400 ಎಂಎಎಚ್‌ನಂಥ ಪುಟ್ಟ ಸೆಲ್ಲಿಗೆ ಜಾಸ್ತಿ. ಬೋರ್ಡಿನಲ್ಲಿ ಚಾರ್ಜ್ ಕರೆಂಟು ತೀರ್ಮಾನಿಸುವ 1.2ಕೆ (ಕಿಲೋಓಮ್) ರೆಸಿಸ್ಟರ್ ತೆಗೆದು 5ಕೆ ಹಾಕಿ, 250 ಮಿಲಿಆಂಪ್‌ಗೆ ಇಳಿಯುತ್ತದೆ. ಮೈಯಿಂದ ಬಿಚ್ಚಿ, ನೆರಳಲ್ಲಿ ಚಾರ್ಜ್ ಮಾಡಿ. ಆ ವಿಡಿಯೊ ಅಳಿಸಿ, ಯಾರಿಗೂ ಕಳಿಸಬೇಡಿ.

ಆಳಂದ: ಎಲ್ಲದಕ್ಕೂ ಬೇಡ ಬೇಡ ಅಂದರೆ ಕೇಳುವವರು ಯಾಕೆ ಕೇಳಬೇಕು?

ಹುಮನಾಬಾದ್: ಹಾಗಾದರೆ ಕೇಳಬೇಡಿ.

ಸುರಪುರ: ಸರ್, ಸೊಂಟಕ್ಕಾ ಮಣಿಕಟ್ಟಿಗಾ?

ಭಾಲ್ಕಿ: ಚಾರ್ಜರ್ ತೆಗೆದೆ, ಗೆರೆ ತೆಳ್ಳಗಾಯಿತು. ಅಪ್ಪ ಮಾತ್ರ ನಾಳೆ ಹೊಲಕ್ಕೆ ಟ್ರ್ಯಾಕ್ಟರ್ ಬರುತ್ತದೆ, ಸೋಮವಾರ ಹೋಗೋಣ ಅನ್ನುತ್ತಿದ್ದಾರೆ.

ಎಂಜಿನಿಯರ್: ಸೋಮವಾರ ಬೇಡ, ನಾಳೆ ಬೆಳಿಗ್ಗೆ. ಟ್ರ್ಯಾಕ್ಟರಿನವರಿಗೆ ಈಗಲೇ ಫೋನ್ ಮಾಡಿ ಹೇಳಿ.