ಕುಡಿಯುವ ಆರ್‌ಒ ನೀರು ರೀಫ್ ಟ್ಯಾಂಕ್‌ಗೆ ಸಾಲದಾ? (ಕಾವೇರಿ + ಟ್ಯಾಂಕರ್)

ಕೆಂಗೇರಿ_ರೀಫ್:

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ 120 ಲೀಟರ್‌ನ ರೀಫ್ ಟ್ಯಾಂಕ್ (ಕೋರಲ್ ಸಾಕುವ ಉಪ್ಪುನೀರಿನ ಟ್ಯಾಂಕ್) ಇದೆ. ಎರಡು ಕ್ಲೌನ್ ಮೀನು, ಸ್ವಲ್ಪ ಜೊವಾಂಥಿಡ್, ಮಶ್ರೂಮ್ ಕೋರಲ್, ಕೆಲವು ಬಸವನಹುಳು. ನಮ್ಮ ಅಪಾರ್ಟ್‌ಮೆಂಟ್ ಸಂಪಿಗೆ ಕಾವೇರಿ ಬರುತ್ತದೆ, ಸಾಲದಿದ್ದರೆ ಟ್ಯಾಂಕರ್ ಹಾಕಿಸುತ್ತಾರೆ. ಕಾವೇರಿ ಮಾತ್ರ ಇರುವಾಗ ನಲ್ಲಿ ನೀರಿನ ಟಿಡಿಎಸ್ (ಕರಗಿರುವ ಲವಣಗಳ ಅಳತೆ) 210. ಟ್ಯಾಂಕರ್ ಬಂದ ದಿನ 840. ಅಡುಗೆಮನೆಯ ಆರ್‌ಒ ನೀರು 65 ತೋರಿಸುತ್ತದೆ. ಅದಕ್ಕೇ ರೀಫ್ ಟ್ಯಾಂಕ್‌ನ ಉಪ್ಪು ಕಲಸಿ ಟ್ಯಾಂಕ್‌ಗೆ ಹಾಕುತ್ತೇನೆ.

ಮರಳಿನ ಮೇಲಿನ ಕಂದು ಪಾಚಿ ಎಷ್ಟು ಒರೆಸಿದರೂ ಮತ್ತೆ ಬರುತ್ತದೆ. ಮೀನುಗಳು ಚೆನ್ನಾಗಿ ತಿನ್ನುತ್ತವೆ. ಆದರೆ ಬಸವನಹುಳುಗಳು ಒಂದೊಂದಾಗಿ ಸಾಯುತ್ತಿವೆ, ಸೀಗಡಿ ತಂದು ಬಿಟ್ಟರೆ ಉಳಿಯುವುದೇ ಇಲ್ಲ. ನಾವು ಕುಡಿಯುವ ನೀರೇ ತಾನೇ? ಬೇರೆ ಯಂತ್ರ ಕೊಳ್ಳಲೇಬೇಕಾ?

ಮತ್ಸ್ಯಪ್ರಿಯ_560003:

ಎಸಿಯಿಂದ ಹನಿಯುವ ನೀರು ಹಿಡಿದಿಡಿ. ನಮ್ಮಲ್ಲಿ ಅದರ ಟಿಡಿಎಸ್ 10 ಕೂಡ ದಾಟುವುದಿಲ್ಲ. ಖರ್ಚೂ ಇಲ್ಲ.

ಆರ್‌ಒ_ರಿಪೇರಿ_ರಾಜಾಜಿನಗರ:

ಎಸಿ ನೀರು ದಯವಿಟ್ಟು ಬೇಡ. ಎಸಿ ಕಾಯಿಲ್‌ನ ಪೈಪ್ ಸಾಮಾನ್ಯವಾಗಿ ತಾಮ್ರದ್ದು. ಆ ನೀರು ಅದರ ಮೇಲಿಂದಲೇ ಇಳಿದು ಬರುತ್ತದೆ. ಟಿಡಿಎಸ್ ಮೀಟರ್ ನೀರಿನಲ್ಲಿ ಕರೆಂಟ್ ಎಷ್ಟು ಹರಿಯುತ್ತದೆ ಅಂತ ಮಾತ್ರ ಅಳೆಯುತ್ತದೆ. ಇರುವುದು ಏನು ಅಂತ ಅದಕ್ಕೆ ಗೊತ್ತಾಗುವುದಿಲ್ಲ. 10ರಲ್ಲಿ ಸ್ವಲ್ಪವೇ ತಾಮ್ರ ಇದ್ದರೂ ಸೀಗಡಿಗೆ ಸಾಕು.

ಕೆಂಗೇರಿಯವರೇ, ನಿಮ್ಮ ಮಾತಿನಲ್ಲಿ ನನಗೆ ಎದ್ದು ಕಂಡಿದ್ದು ಮೀನು ಚೆನ್ನಾಗಿವೆ, ಹುಳು ಸಾಯುತ್ತಿವೆ ಅನ್ನುವುದು. ನಿಮ್ಮ ಪ್ಯೂರಿಫೈಯರ್ ಮೇಲೆ ‘ಕಾಪರ್’ ಅಂತ ಬರೆದಿದೆಯಾ, ಮೊದಲು ನೋಡಿ. ಈಗ ಬರುವ ಎಷ್ಟೋ ಮಾಡೆಲ್‌ಗಳಲ್ಲಿ ಕೊನೆಗೆ ಒಂದು ಕಾಪರ್ ಕಾರ್ಟ್ರಿಡ್ಜ್ ಇರುತ್ತದೆ. ನಮ್ಮ ಕುಡಿಯುವ ನೀರಿನ ಮಾನದಂಡದಲ್ಲಿ (ಐಎಸ್ 10500) ತಾಮ್ರ ಲೀಟರಿಗೆ 0.05 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ನೀರು ಸಿಗದಿದ್ದರೆ 1.5ರ ತನಕ ಆಗಬಹುದು. ಮೀನಿನ ರೋಗಕ್ಕೆ ಬೇರೆ ತೊಟ್ಟಿಯಲ್ಲಿ ತಾಮ್ರದ ಔಷಧಿ ಹಾಕುತ್ತಾರಲ್ವಾ, ಅದರ ಪ್ರಮಾಣ ಸುಮಾರು 0.15ರಿಂದ 0.20. ಅಷ್ಟಕ್ಕೇ ಸೀಗಡಿ, ಬಸವನಹುಳು, ಕೋರಲ್ ಸಾಯುತ್ತವೆ, ಮೀನು ತಡೆದುಕೊಳ್ಳುತ್ತವೆ. ಹಾಗಾಗಿ ನಮಗೆ ಒಳ್ಳೆಯ ನೀರು ಅವುಗಳಿಗೆ ವಿಷ ಆಗಬಹುದು.

ಇನ್ನು ಆ 65. ಮೆಂಬ್ರೇನ್ (ಆರ್‌ಒದಲ್ಲಿ ಲವಣ ತಡೆಯುವ ಪೊರೆ) ಸರಿಯಾಗಿದ್ದು 96% ತಡೆದರೆ, 840ರ ನೀರು 34ಕ್ಕೆ ಇಳಿಯಬೇಕು, 210ರದು 8ಕ್ಕೆ. ನಿಮಗೆ 65 ಬರುತ್ತಿದೆ ಅಂದರೆ ಮೆಂಬ್ರೇನ್ ಹಳೆಯದಾಗಿರಬೇಕು, ಇಲ್ಲವೇ ಟಿಡಿಎಸ್ ಕಂಟ್ರೋಲರ್ ಸ್ವಲ್ಪ ಕಚ್ಚಾ ನೀರು ವಾಪಸ್ ಸೇರಿಸುತ್ತಿರಬೇಕು. ರುಚಿಗೆ ಅಂತ ಅದನ್ನು ಇಟ್ಟಿರುತ್ತಾರೆ. ನಾನು ದಿನಾ ಬಿಚ್ಚಿ ಜೋಡಿಸುವುದು ಇವೇ ಯಂತ್ರಗಳನ್ನು. ಇವು ಒಂದಿಷ್ಟು ಖನಿಜ ಉಳಿಸಿ ಕೊಡಲೆಂದೇ ಇರುವುದು. ರೀಫ್‌ಗೆ ನೀರಿನಲ್ಲಿ ಏನೂ ಉಳಿಯಬಾರದು. ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಉಪ್ಪಿನ ಪ್ಯಾಕೆಟ್‌ನಲ್ಲೇ ಅಳತೆ ಪ್ರಕಾರ ಬರುತ್ತದೆ.

ಹೊಸ ಯಂತ್ರ ಕೊಳ್ಳಬೇಕಿಲ್ಲ. ಮೆಂಬ್ರೇನ್‌ನಿಂದ ಶುದ್ಧ ನೀರು ಹೊರಬರುವ ಕಾಲು ಇಂಚಿನ ಪೈಪ್‌ಗೆ, ಕಂಟ್ರೋಲರ್, ಮಿನರಲ್, ಕಾಪರ್ ಎಲ್ಲಕ್ಕೂ ಮೊದಲೇ, ಒಂದು ಟೀ (ಪೈಪ್ ಕವಲು) ಮತ್ತು ವಾಲ್ವ್ ಹಾಕಿಸಿ. ಅಲ್ಲಿಂದ ಒಂದು ಡಿಐ (ಉಳಿದ ಲವಣವನ್ನೂ ತೆಗೆಯುವ ಡಿಅಯಾನೈಸೇಶನ್) ಹೌಸಿಂಗ್. ಅದರಲ್ಲಿ ಮಿಕ್ಸೆಡ್ ಬೆಡ್ ರೆಸಿನ್ (ಲವಣ ಹಿಡಿಯುವ ಸಣ್ಣ ಮಣಿಗಳು) ತುಂಬಿ. ಹೌಸಿಂಗ್ ನೆಟ್ಟಗೆ ನಿಂತಿರಲಿ. ಮಲಗಿಸಿದರೆ ನೀರು ರೆಸಿನ್ ಮೇಲಿನ ಖಾಲಿ ಜಾಗದಲ್ಲೇ ಜಾರಿಹೋಗುತ್ತದೆ. ಬೂಸ್ಟರ್ ಪಂಪ್ ನಿಮ್ಮ ಯಂತ್ರದಲ್ಲೇ ಇರುತ್ತದೆ. ಅದಿಲ್ಲದೆ ಆಗುವುದಿಲ್ಲ. ತಾರಸಿಯ ನೀರಿನ ಟ್ಯಾಂಕ್ 10 ಮೀಟರ್ ಮೇಲಿದ್ದರೂ ಸಿಗುವ ಒತ್ತಡ 14 ಪಿಎಸ್‌ಐ ಅಷ್ಟೇ, ಮೆಂಬ್ರೇನ್‌ಗೆ ಅದರ ನಾಲ್ಕು ಪಟ್ಟು ಬೇಕು.

ಯಂತ್ರ ಶುರುವಾದ ಮೇಲೆ ಮೊದಲ ಎರಡು ಮೂರು ನಿಮಿಷದ ನೀರನ್ನು ಡಿಐಗೆ ಬಿಡಬೇಡಿ. ನಿಂತ ಮೆಂಬ್ರೇನ್‌ನಿಂದ ಟಿಡಿಎಸ್ ಜಾಸ್ತಿ ಬರುತ್ತದೆ, ರೆಸಿನ್ ಸುಮ್ನೆ ಹಾಳು.

ಉಪ್ಪುನೀರು_ಜಯನಗರ:

ಕಂದು ಪಾಚಿ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಅದು ಡಯಾಟಮ್ (ಸಿಲಿಕಾ ಕವಚದ ಸೂಕ್ಷ್ಮ ಪಾಚಿ) ಆಗಿದ್ದರೆ ಸಿಲಿಕಾ ಅದರ ಆಹಾರ. ಬೋರ್‌ವೆಲ್ ನೀರಿನಲ್ಲಿ ಸಿಲಿಕಾ ಇದ್ದೇ ಇರುತ್ತದೆ. ರೆಸಿನ್ ಮುಗಿಯುತ್ತಾ ಬಂದಾಗ ಮೊದಲು ಕೈಬಿಡುವುದೇ ಅದನ್ನು, ಅದೂ ಮೀಟರ್‌ಗೆ ಸರಿಯಾಗಿ ಕಾಣುವುದಿಲ್ಲ. ಆದ್ದರಿಂದ ಡಿಐ ದಾಟಿದ ನೀರಿನ ಟಿಡಿಎಸ್ 0 ಇದ್ದದ್ದು 1 ಆದ ಕೂಡಲೇ ನಾನು ರೆಸಿನ್ ಬದಲಿಸುತ್ತೇನೆ, 5 ಆಗಲಿ ಅಂತ ಕಾಯುವುದಿಲ್ಲ.

ಬೋರ್‌ವೆಲ್ ನೀರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಕೂಡ ಜಾಸ್ತಿ ಇರಬಹುದು. ಅದು ಮೆಂಬ್ರೇನ್ ದಾಟಿ ಬಂದು ರೆಸಿನ್ ತಿಂದುಹಾಕುತ್ತದೆ. ನಾನು ಆರ್‌ಒ ನೀರನ್ನು ಮೊದಲು ಕ್ಯಾನ್‌ಗೆ ತುಂಬಿ, ಏರ್‌ಸ್ಟೋನ್ ಹಾಕಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಸಣ್ಣ ಪಂಪ್‌ನಿಂದ ಡಿಐಗೆ ಕಳಿಸುತ್ತೇನೆ. ಸ್ವಲ್ಪ ರಗಳೆ, ಆದರೆ ರೆಸಿನ್ ಬಾಳಿಕೆ ಎದ್ದು ಕಾಣುವಷ್ಟು ಹೆಚ್ಚಿತು.

ಕೆಂಗೇರಿ_ರೀಫ್:

ನೋಡಿದೆ, ಮುಂದೆಯೇ ‘ಕಾಪರ್’ ಅಂತ ಬರೆದಿದೆ! ಇವತ್ತಿನಿಂದಲೇ ಆ ನೀರು ನಿಲ್ಲಿಸುತ್ತೇನೆ. ಎರಡು ಪ್ರಶ್ನೆ. ಟ್ಯಾಂಕ್‌ನಲ್ಲಿ ಈಗಾಗಲೇ ಇರುವ ತಾಮ್ರಕ್ಕೆ ಏನು ಮಾಡಲಿ? ಇನ್ನೊಂದು, ವೇಸ್ಟ್ ನೀರು. 2024ರ ಬೇಸಿಗೆ ನೋಡಿದ ಮೇಲೆ ಒಂದು ಬಕೆಟ್ ಚೆಲ್ಲಲೂ ಮನಸ್ಸು ಬರುವುದಿಲ್ಲ.

ಆರ್‌ಒ_ರಿಪೇರಿ_ರಾಜಾಜಿನಗರ:

ನನಗೂ ಬರುವುದಿಲ್ಲ. ಆ ಮಾರ್ಚ್‌ನಲ್ಲಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತ್ತು. ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪ್ ಮಾಡಿ ಏರಿಸಿದ ನೀರು ಇದು, ಮರ್ಯಾದೆಯಿಂದ ಬಳಸಬೇಕು.

ಸಂಪಿನಲ್ಲಿ ಕಾವೇರಿ ಮಾತ್ರ ಇರುವ ದಿನವೇ ರೀಫ್ ನೀರು ಮಾಡಿಟ್ಟುಕೊಳ್ಳಿ. ಮೆಂಬ್ರೇನ್ ದಾಟಿ 34ರ ಬದಲು 8 ಬಂದರೆ ಅದೇ ರೆಸಿನ್ ನಾಲ್ಕು ಪಟ್ಟು ಬಾಳುತ್ತದೆ. ಒಂದು ಲೀಟರ್ ಶುದ್ಧ ನೀರಿಗೆ ಮೂರು ಲೀಟರ್ ವೇಸ್ಟ್ ಹೋದರೂ ಅದರ ಟಿಡಿಎಸ್ 280 ಆಸುಪಾಸು ಇರುತ್ತದೆ, ಬಟ್ಟೆಗೆ, ಗಿಡಕ್ಕೆ ಹಾಕಬಹುದು. ಟ್ಯಾಂಕರ್ ನೀರಿನ ವೇಸ್ಟ್ 1,100ಕ್ಕೆ ಹೋಗುತ್ತದೆ. ಅದು ನೆಲ ಒರೆಸಲು, ಫ್ಲಶ್‌ಗೆ ಮಾತ್ರ, ಕುಂಡದ ಗಿಡಕ್ಕೆ ಬೇಡ. ನಿಮ್ಮ ಟ್ಯಾಂಕ್‌ಗೆ ವಾರಕ್ಕೆ 10 ಪರ್ಸೆಂಟ್ ಬದಲಾವಣೆ, ಜೊತೆಗೆ ಆವಿಯಾಗಿದ್ದು ತುಂಬಿಸಲು ಎರಡು 20 ಲೀಟರ್ ಕ್ಯಾನ್ ಸಾಕು. ಆವಿಯಾದದ್ದಕ್ಕೆ ಬರೀ ಡಿಐ ನೀರು ಹಾಕಿ, ಉಪ್ಪುನೀರಲ್ಲ. ಉಪ್ಪು ಆವಿಯಾಗುವುದಿಲ್ಲ.

ತಾಮ್ರಕ್ಕೆ ಮೊದಲು ಕಾಪರ್ ಟೆಸ್ಟ್ ಕಿಟ್‌ನಲ್ಲಿ ನೋಡಿ. ಅದರಲ್ಲಿ ಏನೂ ಕಾಣದಿದ್ದರೂ ನೀರು ಬದಲಾಯಿಸುತ್ತಾ, ಫಿಲ್ಟರ್‌ನಲ್ಲಿ ಒಳ್ಳೆಯ ಕಾರ್ಬನ್ ಮತ್ತು ಕುಪ್ರಿಸಾರ್ಬ್ (ತಾಮ್ರ ಹೀರುವ ರೆಸಿನ್) ಇಡಿ. ತಾಮ್ರ ಹಿಡಿದ ಹಾಗೆ ಅದು ನೀಲಿಗೆ ತಿರುಗುತ್ತದೆ. ಕಲ್ಲು, ಮರಳು ಹೀರಿಕೊಂಡಿದ್ದರೆ ನಿಧಾನವಾಗಿ ಬಿಡುತ್ತಲೇ ಇರುತ್ತದೆ, ಅದಕ್ಕೇ ಬೇಗ ತೆಗೆಯಬೇಡಿ. ಸೀಗಡಿ ಈಗಲೇ ತರಬೇಡಿ. ಮೊದಲು ಒಂದೇ ಒಂದು ಬಸವನಹುಳು ಬಿಟ್ಟು ಕೆಲವು ವಾರ ನೋಡಿ.