ಕ್ಷಮೆ, ಶಿಕ್ಷೆ, ಗಲ್ಲು: ಬೈಬಲ್ ಅಧ್ಯಯನದಲ್ಲಿ ಹೇಗೆ ಮಾತಾಡಲಿ? ಅನುಭವ ಇದ್ದವರು ಹೇಳಿ

ಪ್ರಶ್ನೆ

ಎಲ್ಲರಿಗೂ ವಂದನೆಗಳು. ಮುಂದಿನ ವಾರ ನಮ್ಮ ಯುವಜನರ ಬೈಬಲ್ ಅಧ್ಯಯನದಲ್ಲಿ ಮರಣದಂಡನೆ ಬಗ್ಗೆ ಚರ್ಚೆ ಇದೆ. ನಡೆಸುವ ಜವಾಬ್ದಾರಿ ನನ್ನದು. ಅರ್ಧ ಜನ "ಕಣ್ಣಿಗೆ ಕಣ್ಣು" ಅನ್ನುತ್ತಾರೆ. ಇನ್ನರ್ಧ ಜನ "ಯೇಸು ಕ್ಷಮಿಸು ಅಂದಿದ್ದಾರೆ, ಮುಗೀತು" ಅನ್ನುತ್ತಾರೆ. ಕೂಟಕ್ಕೆ ಬರುವ ಒಬ್ಬ ಹುಡುಗನ ಅಣ್ಣ ಎರಡು ವರ್ಷದ ಹಿಂದೆ ಕೊಲೆಯಾದ. ಕೇಸು ಇನ್ನೂ ನಡೆಯುತ್ತಿದೆ. ಅವನ ಎದುರು ಏನು ಹೇಳಲಿ, ಏನು ಬಿಡಲಿ?

ಉತ್ತರ 1

ಸಿಸ್ಟರ್, ನಾನು ಮಾಡಿದ ತಪ್ಪನ್ನೇ ಮೊದಲು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಇದೇ ವಿಷಯದ ಮೇಲೆ ನಾನು ಪಾಠ ಮಾಡಿದೆ. ಚೆನ್ನಾಗಿಯೇ ತಯಾರಿ ಮಾಡಿಕೊಂಡಿದ್ದೆ. ಯೇಸುವಿನ ಪಕ್ಕದ ಶಿಲುಬೆಯ ಮೇಲಿದ್ದ ಕಳ್ಳ, ಸಭೆಯನ್ನು ಹಿಂಸಿಸುತ್ತಿದ್ದ ಪೌಲ, ಎಪ್ಪತ್ತೇಳು ಸಲ ಕ್ಷಮಿಸುವುದು, ಎಲ್ಲ ಹೇಳಿದೆ. ಮುಗಿಯುವ ಹೊತ್ತಿಗೆ ಹಿಂದಿನ ಸಾಲಿನಲ್ಲಿದ್ದ ಒಬ್ಬ ಅಕ್ಕ ಎದ್ದು ಹೋದರು. ನಾನು ಹೊರಗೆ ಬಂದಾಗ ಗೋಡೆ ಹಿಡಿದು ನಿಂತಿದ್ದರು. ಕೈ ನಡುಗುತ್ತಿತ್ತು, ಚಪ್ಪಲಿಯ ಪಟ್ಟಿ ಹಾಕಿಕೊಳ್ಳಲು ಆಗುತ್ತಿರಲಿಲ್ಲ. "ಒಂದು ಗಂಟೆ ಕೊಂದವನ ಆತ್ಮದ ಬಗ್ಗೆ ಮಾತಾಡಿದ್ರಿ. ಸತ್ತವನ ಬಗ್ಗೆ ಒಂದು ಮಾತಾದ್ರೂ ಆಡಿದ್ರಾ?" ಅಂದರು. ಅವರ ತಮ್ಮನ ಕೊಲೆಯಾಗಿತ್ತು. ನನಗೆ ಅದು ಗೊತ್ತೇ ಇರಲಿಲ್ಲ.

ಅಂದಿನಿಂದ ನಾನು ಆದಿಕಾಂಡ 4ರಿಂದಲೇ ಶುರು ಮಾಡುತ್ತೇನೆ. ಅಣ್ಣ ಕಾಯಿನ ಕೊಂದ ಹೇಬೆಲನ ರಕ್ತ ನೆಲದಿಂದ ಕೂಗುತ್ತದೆ. ದೇವರು ಆ ಕೂಗಿನ ಮಾತನ್ನು ಮೊದಲು ಎತ್ತುತ್ತಾರೆ. ಕಾಯಿನನಿಗೆ ಶಾಪ, ಅಲೆದಾಟ, ಯಾರೂ ಅವನನ್ನು ಕೊಲ್ಲದ ಹಾಗೆ ಒಂದು ಗುರುತು, ಇದೆಲ್ಲ ಆಮೇಲೆ. ಕೊಂದವನ ಮೇಲಿನ ಕರುಣೆಯೂ ಅಲ್ಲಿದೆ, ಆದರೆ ಸತ್ತವನನ್ನು ದಾಟಿಕೊಂಡು ಬಂದ ಕರುಣೆ ಅಲ್ಲ.

ಇನ್ನು ಪಾಪ ಮತ್ತು ಅಪರಾಧ. ಇದನ್ನು ಬಿಡಿಸಿ ಹೇಳಲು ಜಾಸ್ತಿ ಸಮಯ ಇಟ್ಟುಕೊಳ್ಳಿ. ಹೊಟ್ಟೆಕಿಚ್ಚು, ದ್ವೇಷ ಪಾಪವೇ, ಆದರೆ ಅದಕ್ಕೆ ಯಾವ ಪೊಲೀಸರೂ ಬರುವುದಿಲ್ಲ. ದಾನಿಯೇಲ ಪ್ರಾರ್ಥನೆ ಮಾಡಿದ್ದು ಆ ರಾಜ್ಯದಲ್ಲಿ ಅಪರಾಧ, ಸಿಂಹಗಳ ಗವಿಗೆ ಹಾಕಿದರು. ಅದು ಪಾಪ ಅಲ್ಲ. ಕೊಲೆ ಮಾತ್ರ ಎರಡೂ ಹೌದು. ನಮ್ಮವರು ಗೊಂದಲ ಮಾಡಿಕೊಳ್ಳುವುದು ಇಲ್ಲೇ. ದೇವರು ಪಾಪ ಕ್ಷಮಿಸಿದರೆ ಕೇಸು ಬಿದ್ದುಹೋಗುವುದಿಲ್ಲ. ಶಿಲುಬೆಯ ಮೇಲಿನ ಕಳ್ಳನಿಗೆ ಅದೇ ದಿನ ಪರದೈಸು, ಅಂದರೆ ಸ್ವರ್ಗ, ಸಿಕ್ಕಿತು. ಆದರೂ ಅವನನ್ನು ಶಿಲುಬೆಯಿಂದ ಇಳಿಸಲಿಲ್ಲ.

ಆ ಅಕ್ಕ ಆಮೇಲೆ ನನ್ನನ್ನು ಇನ್ನೊಂದು ಕೇಳಿದರು. ಕೀರ್ತನೆ 51ರಲ್ಲಿ ದಾವೀದ ದೇವರಿಗೆ "ನಿನಗೇ ಪಾಪ ಮಾಡಿದ್ದೇನೆ, ಕೇವಲ ನಿನಗೇ" ಅನ್ನುತ್ತಾನಲ್ಲ, ಹಾಗಾದರೆ ಅವನು ಕೊಲ್ಲಿಸಿದ ಊರೀಯನಿಗೆ ಏನೂ ಮಾಡಲಿಲ್ವಾ? ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಈಗ ಹೀಗೆ ಹೇಳುತ್ತೇನೆ: ಪಾಪದ ಲೆಕ್ಕ ದಾವೀದನಿಗೂ ದೇವರಿಗೂ ನಡುವೆ. ಆ ಲೆಕ್ಕ ತೀರಿತು, ನೀನು ಸಾಯುವುದಿಲ್ಲ ಅಂತ ಪ್ರವಾದಿ ನಾತಾನ ಹೇಳಿದ. ಆದರೆ ಊರೀಯನ ಲೆಕ್ಕ ಉಳಿಯಿತು, ಕತ್ತಿ ನಿನ್ನ ಮನೆ ಬಿಟ್ಟು ಹೋಗುವುದಿಲ್ಲ ಅಂತಲೂ ಅದೇ ನಾತಾನ ಹೇಳಿದ. ಅಕ್ಕ ಒಪ್ಪಿದರೋ ಇಲ್ಲವೋ, ಆದರೆ ಮುಂದಿನ ವಾರ ಕೂಟಕ್ಕೆ ಬಂದರು.

ಆ ಹುಡುಗನಿಗೆ "ನೀನು ಕ್ಷಮಿಸಬೇಕು" ಅಂತ ಮಾತ್ರ ಹೇಳಬೇಡಿ. ಗ್ಲಾಡಿಸ್ ಸ್ಟೇನ್ಸ್ ಅವರ ಉದಾಹರಣೆ ಯಾರಾದರೂ ತಂದೇ ತರುತ್ತಾರೆ. 1999ರ ಜನವರಿಯಲ್ಲಿ ಒಡಿಶಾದಲ್ಲಿ ಅವರ ಗಂಡ ಗ್ರಹಾಂ ಮತ್ತು ಇಬ್ಬರು ಗಂಡುಮಕ್ಕಳನ್ನು ಜೀಪಿನಲ್ಲೇ ಸುಟ್ಟರು. ಅವರು ಕ್ಷಮಿಸಿದೆ ಅಂದರು. ಕೇಸು ಅದರ ಪಾಡಿಗೆ ನಡೆಯಿತು. ಮುಖ್ಯ ಆರೋಪಿಗೆ 2003ರಲ್ಲಿ ಗಲ್ಲು ಶಿಕ್ಷೆಯ ತೀರ್ಪು ಬಂತು, 2005ರಲ್ಲಿ ಹೈಕೋರ್ಟ್ ಅದನ್ನು ಜೀವಾವಧಿಗೆ ಇಳಿಸಿತು, 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಅವರು ಕ್ಷಮಿಸಿದರು ಅಂತ ಕೇಸು ನಿಲ್ಲಲಿಲ್ಲ. ಕೇಸು ನಡೆಯಿತು ಅಂತ ಅವರ ಕ್ಷಮೆ ಸುಳ್ಳಾಗಲಿಲ್ಲ. ಆದರೆ ಆ ಕ್ಷಮೆ ಅವರು ತಾವಾಗಿ ಕೊಟ್ಟದ್ದು. ಬೇರೆಯವರ ಮೇಲೆ ಹೇರುವುದಕ್ಕೆ ಅದನ್ನು ಬಳಸಬಾರದು.

ಉತ್ತರ 2

ನಾನು ಕಥೋಲಿಕ. ಜೈಲು ಭೇಟಿ ತಂಡದಲ್ಲಿ ಬಹಳ ವರ್ಷ ಇದ್ದೆ. ನಮ್ಮ ಧರ್ಮಸಭೆ ಈ ವಿಷಯದಲ್ಲಿ ನಿಧಾನವಾಗಿ ಬದಲಾಗಿದೆ, ಅದನ್ನು ಯುವಜನರಿಗೆ ಮುಚ್ಚಿಡಬೇಡಿ. ಕೊಳೆತ ಅಂಗವನ್ನು ಕತ್ತರಿಸುವ ಹಾಗೆ ಅಂತ ಸಂತ ಥಾಮಸ್ ಅಕ್ವಿನಾಸ್ ಮರಣದಂಡನೆಯನ್ನು ಸಮರ್ಥಿಸಿದ್ದರು. ವ್ಯಾಟಿಕನ್ನಿನ ಕಾನೂನಿನಲ್ಲೇ 1969ರವರೆಗೆ ಆ ಶಿಕ್ಷೆ ಇತ್ತು. ಆ ಶಿಕ್ಷೆ ಬೇಕಾಗುವ ಸಂದರ್ಭ ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ ಅಂತ 1995ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಬರೆದರು. 2018ರ ಆಗಸ್ಟ್‌ನಲ್ಲಿ ಪೋಪ್ ಫ್ರಾನ್ಸಿಸ್ ಧರ್ಮಸಭೆಯ ಅಧಿಕೃತ ಬೋಧನೆಗಳ ಪುಸ್ತಕವಾದ ಧರ್ಮೋಪದೇಶ ಗ್ರಂಥದ 2267ನೇ ಭಾಗವನ್ನೇ ತಿದ್ದಿಸಿ, ಇದು ಒಪ್ಪತಕ್ಕದ್ದಲ್ಲ ಅಂತ ಸೇರಿಸಿದರು.

ನನ್ನ ಮನಸ್ಸು ತಿರುಗಿದ್ದು ಮಾತ್ರ ಇದರಿಂದ ಅಲ್ಲ. ಒಬ್ಬ ಜೀವಾವಧಿ ಕೈದಿ ಇದ್ದ. ಓದು ಕಲಿತದ್ದೇ ಜೈಲಿನಲ್ಲಿ. ಲೂಕ 23ನ್ನು ಬೆರಳಿಟ್ಟು, ಒಂದೊಂದೇ ಪದ ಓದುತ್ತಿದ್ದ. "ನಮಗೆ ಆದದ್ದು ನ್ಯಾಯವೇ" ಅಂತ ಕಳ್ಳ ಹೇಳುವ ಕಡೆ ಬಂದರೆ ಬೆರಳು ನಿಂತುಬಿಡುತ್ತಿತ್ತು. ಮುಂದಕ್ಕೆ ಹೋಗುತ್ತಿರಲಿಲ್ಲ. ತಾನು ಕೊಂದವನ ಹೆಸರನ್ನು ಅವನು ಬಾಯಿಬಿಟ್ಟು ಹೇಳಿದ್ದು ಒಳಗೆ ಬಂದು 11 ವರ್ಷಕ್ಕೆ. ಅಲ್ಲಿಯವರೆಗೆ "ಆ ಘಟನೆ" ಅನ್ನುತ್ತಿದ್ದ. ಗಲ್ಲು ಆಗಿದ್ದರೆ ಆ 11 ವರ್ಷ ಅವನಿಗೆ ಇರುತ್ತಿರಲಿಲ್ಲ. ಹಾಗಂತ ಅವನನ್ನು ಬಿಟ್ಟುಬಿಡಿ ಅಂತ ನಾನು ಯಾವತ್ತೂ ಕೇಳಿಲ್ಲ. ಅವನೂ ಕೇಳಲಿಲ್ಲ.

ಉತ್ತರ 3

ನಾನು ಗಲ್ಲು ಇರಬೇಕು ಅನ್ನುವ ಕಡೆಯವನು. ಆದಿಕಾಂಡ 9:6 ಮೋಶೆಯ ಧರ್ಮಶಾಸ್ತ್ರಕ್ಕಿಂತ ಮೊದಲೇ, ನೋಹನಿಗೆ ಹೇಳಿದ ಮಾತು. ಮನುಷ್ಯ ದೇವರ ಸ್ವರೂಪ, ಅದಕ್ಕೇ ಅವನ ರಕ್ತಕ್ಕೆ ಅಷ್ಟು ಬೆಲೆ. ರೋಮಾಪುರದವರಿಗೆ 13ರಲ್ಲಿ ಅಧಿಕಾರಿ ಕತ್ತಿಯನ್ನು ಸುಮ್ನೆ ಹಿಡಿದಿಲ್ಲ ಅಂತ ಇದೆ. ಅಮೆರಿಕದ ಪ್ರೊಟೆಸ್ಟೆಂಟ್ ಪಂಗಡವಾದ ಸದರ್ನ್ ಬ್ಯಾಪ್ಟಿಸ್ಟರು 2000ರಲ್ಲಿ ಇದೇ ಆಧಾರದ ಮೇಲೆ ಗಲ್ಲು ಇರಲಿ ಅಂತ ನಿರ್ಣಯ ಮಾಡಿದರು. ದಯವಿಟ್ಟು ನಮ್ಮ ಕಡೆಯವರನ್ನು ಸೇಡಿನ ಜನ ಅಂತ ತೋರಿಸಬೇಡಿ. "ಕಣ್ಣಿಗೆ ಕಣ್ಣು" ಅನ್ನುವುದೂ ಸೇಡಿಗೆ ಹಾಕಿದ ಮಿತಿಯೇ: ಒಂದು ಕಣ್ಣಿಗೆ ಒಂದೇ ಕಣ್ಣು, ಇಡೀ ಮನೆತನ ಅಲ್ಲ.

ಆದರೆ ಧರ್ಮೋಪದೇಶಕಾಂಡ 17ನ್ನು ಓದಿದಾಗೆಲ್ಲ ನಾನು ತಡೆದು ನಿಲ್ಲುತ್ತೇನೆ. ಇಬ್ಬರು ಮೂವರು ಸಾಕ್ಷಿಗಳಿಲ್ಲದೆ ಕೊಲ್ಲಬಾರದು, ಮೊದಲ ಕಲ್ಲು ಸಾಕ್ಷಿ ಹೇಳಿದವನೇ ಎಸೆಯಬೇಕು. ಇಂದಿನ ಯಾವ ಕೋರ್ಟಿನಲ್ಲಿ ಅಷ್ಟು ಖಾತ್ರಿ ಇರುತ್ತದೆ? ತಪ್ಪು ತೀರ್ಪಾದರೆ ಜೈಲಿನಿಂದ ಬಿಡಿಸಬಹುದು, ಸಮಾಧಿಯಿಂದ ಆಗುವುದಿಲ್ಲ. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಹಾಗಂತಲೇ ಯುವಜನರಿಗೆ ಹೇಳುತ್ತೇನೆ.

ಪ್ರಶ್ನೆ ಕೇಳಿದವಳು

ಎಲ್ಲರಿಗೂ ಧನ್ಯವಾದ. ಸಂಜೆ ಆ ಹುಡುಗನಿಗೆ ಫೋನ್ ಮಾಡಿದೆ. ಮುಂದಿನ ವಾರದ ವಿಷಯ ಇದು, ಬರದಿದ್ದರೂ ಪರವಾಗಿಲ್ಲ ಅಂದೆ. ಅಣ್ಣ ಹೇಗಿದ್ದ ಅಂತ ಕೇಳಿದೆ. ಎರಡು ವರ್ಷದಲ್ಲಿ ನಾನು ಒಂದು ಸಲವೂ ಕೇಳಿರಲಿಲ್ಲ. ಅರ್ಧ ಗಂಟೆ ಮಾತಾಡಿದ. ಕೊನೆಗೆ "ಬರ್ತೀನಿ ಅಕ್ಕ, ಆದ್ರೆ ಯಾರೂ ನನ್ನ ಮುಖ ನೋಡ್ತಾ ಕೂರಬಾರ್ದು" ಅಂದ. ಬಾಗಿಲ ಹತ್ತಿರದ ಕುರ್ಚಿ ಅವನಿಗೆ ಇಡುತ್ತೇನೆ. ಆದಿಕಾಂಡ 4ರಿಂದಲೇ ಶುರು ಮಾಡುತ್ತೇನೆ.