ಹಳೇ 240ಜೆಡ್‌ಗೆ ಹೊಸ ಬ್ರೇಕ್: ಮಾಡಿಸಿದವರು ಹೇಳಿ

ಪ್ರಶ್ನೆ

ನನ್ನ ಹತ್ತಿರ 1972ರ ಡಾಟ್ಸನ್ 240ಜೆಡ್ ಇದೆ. ಎಂಜಿನ್ ಚೆನ್ನಾಗಿದೆ. ಆದರೆ ಈಗಿನ ಕಾರು ಓಡಿಸಿ ರೂಢಿಯಾದ ಕಾಲಿಗೆ ಇದರ ಬ್ರೇಕ್ ಮೇಲೆ ನಂಬಿಕೆಯೇ ಬರುತ್ತಿಲ್ಲ. ಇಳಿಜಾರಿನಲ್ಲಿ ಮೇಲಿಂದ ಮೇಲೆ ಒತ್ತಿದರೆ ಪೆಡಲ್ ಮೆತ್ತಗಾಗುತ್ತದೆ. ಸ್ವಲ್ಪ ಎಡಕ್ಕೂ ಎಳೆಯುತ್ತದೆ. ಟೊಯೋಟಾ ಫೋರ್ ವೀಲ್ ಡ್ರೈವ್ ಪಿಕಪ್‌ನ ನಾಲ್ಕು ಪಿಸ್ಟನ್ ಕ್ಯಾಲಿಪರ್ (ಪ್ಯಾಡ್‌ಗಳನ್ನು ಎರಡೂ ಕಡೆಯಿಂದ ಡಿಸ್ಕ್‌ಗೆ ಅದುಮುವ ಭಾಗ) ಇದಕ್ಕೆ ಕೂರುತ್ತದಂತೆ. ಹಿಂದಿನ ಡ್ರಮ್ ತೆಗೆದು ಡಿಸ್ಕ್ ಹಾಕಿಸುವ ಆಸೆಯೂ ಇದೆ. ಎಲ್ಲಿಂದ ಶುರು ಮಾಡಲಿ?

ಉತ್ತರ

ಕ್ಯಾಲಿಪರ್ ಆಮೇಲೆ ನೋಡೋಣ. ನೀವು ಹೇಳಿದ ಎರಡೂ ತೊಂದರೆ ಕ್ಯಾಲಿಪರ್ ಚಿಕ್ಕದು ಅನ್ನುವ ಕಾರಣಕ್ಕೆ ಬಂದದ್ದಲ್ಲ ಅನ್ನಿಸುತ್ತಿದೆ.

ಬಿಸಿಯಾದಾಗ ಪೆಡಲ್ ಗಟ್ಟಿಯಾಗಿಯೇ ಇದ್ದು ಕಾರು ನಿಲ್ಲದಿದ್ದರೆ ಪ್ಯಾಡ್ ಸೋತಿದೆ ಅಂತ ಅರ್ಥ. ಪೆಡಲ್ ಮೆತ್ತಗಾದರೆ ಬ್ರೇಕ್ ಆಯಿಲ್ ಕುದಿಯುತ್ತಿದೆ. ಈ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅನ್ನುವುದು ನಿಯಮ. ತೇವ ಸೇರಿದ ಆಯಿಲ್‌ಗೆ ಅದೇ ನಿಯಮದ ಮಟ್ಟ 155ಕ್ಕೆ ಇಳಿಯುತ್ತದೆ. ಇಳಿಜಾರಿನಲ್ಲಿ ಅಷ್ಟು ಬಿಸಿ ಮುಟ್ಟುವುದು ಏನೂ ಕಷ್ಟವಲ್ಲ.

ಇನ್ನು ಎಡಕ್ಕೆ ಎಳೆಯುವುದು. ಹಳೇ ರಬ್ಬರ್ ಹೋಸ್ ಹೊರಗೆ ಹೊಸದರ ಹಾಗೇ ಕಾಣುತ್ತಿದ್ದರೂ ಒಳಗೆ ಊದಿಕೊಂಡಿರಬಹುದು. ಆಗ ಆಯಿಲ್ ಹೋಗುತ್ತದೆ, ವಾಪಸ್ ಬರುವುದಿಲ್ಲ. ಹೀಗೆ ನೋಡಿ: ಮುಂದಿನ ಚಕ್ರ ಜಾಕ್ ಮೇಲೆ ಎತ್ತಿ, ಬ್ರೇಕ್ ಒತ್ತಿ ಬಿಟ್ಟು, ಕೈಯಲ್ಲಿ ತಿರುಗಿಸಿ. ಬಿಗಿಯಾಗಿದ್ದರೆ ಬ್ಲೀಡ್ ನಿಪ್ಪಲ್ (ಆಯಿಲ್, ಗಾಳಿ ಹೊರಬಿಡಲು ಕ್ಯಾಲಿಪರ್‌ನಲ್ಲಿರುವ ಚಿಕ್ಕ ತಿರುಪು) ಸ್ವಲ್ಪ ಸಡಿಲಿಸಿ. ಆಗಲೂ ತಿರುಗದಿದ್ದರೆ ಪಿಸ್ಟನ್ ತುಕ್ಕು ಹಿಡಿದು ಜಾಮ್ ಆಗಿದೆ. ತಟ್ಟನೆ ಸಲೀಸಾದರೆ ಒಳಗೆ ಒತ್ತಡ ಸಿಕ್ಕಿಕೊಂಡಿತ್ತು. ಅದು ಎಲ್ಲಿ ಅಂತ ತಿಳಿಯಲು ಮತ್ತೆ ಒತ್ತಿ ಬಿಟ್ಟು, ಈ ಸಲ ಹೋಸ್‌ಗಿಂತ ಮೇಲಿನ ಜಾಯಿಂಟ್ ಸಡಿಲಿಸಿ. ಇಲ್ಲಿ ಚಕ್ರ ಬಿಟ್ಟುಕೊಂಡರೆ ತೊಂದರೆ ಇನ್ನೂ ಮೇಲಿದೆ, ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಕಡೆ. ಬಿಡದಿದ್ದರೆ ಹೋಸ್‌ದೇ ಕೆಲಸ. ಹೋಸ್ ಬದಲಾಯಿಸುವಾಗ ಎರಡೂ ಕಡೆ ಬದಲಾಯಿಸಿ, ಒಂದೇ ಕಡೆ ಅಲ್ಲ.

ಹಳೇ ಪ್ಯಾಡ್, ಲೈನಿಂಗ್ ಬಿಚ್ಚುವಾಗ ಒಂದು ಎಚ್ಚರಿಕೆ. ಆ ಕಾಲದವುಗಳಲ್ಲಿ ಆಸ್‌ಬೆಸ್ಟಾಸ್ ಇರುತ್ತಿತ್ತು. ಏರ್ ಹೊಡೆದು ಧೂಳು ಹಾರಿಸಬೇಡಿ. ಒದ್ದೆ ಮಾಡಿ ಒರೆಸಿ ತೆಗೆಯಿರಿ.

ಉತ್ತರ

ಟೊಯೋಟಾ ಕ್ಯಾಲಿಪರ್ ಹಾಕಿಸಿ ಓಡಿಸುತ್ತಿದ್ದೇನೆ, ಖುಷಿಯಾಗಿದ್ದೇನೆ. ಆದರೆ ಬೋಲ್ಟ್ ಬಿಚ್ಚಿ ಬೋಲ್ಟ್ ಹಾಕಿದರೆ ಮುಗಿಯಿತು ಅನ್ನುವವರ ಮಾತು ನಂಬಬೇಡಿ.

ಅದರಲ್ಲಿ ಎರಡು ಬಗೆ ಇದೆ. ಎಸ್12+8 ಅನ್ನುವುದು ನಿಮ್ಮ ಈಗಿನ ತೆಳು ಡಿಸ್ಕ್ ಮೇಲೆಯೇ ಕೂರುತ್ತದೆ, ಸ್ಟ್ರಟ್‌ನ (ಚಕ್ರ ಹಿಡಿದಿರುವ ಸಸ್ಪೆನ್ಷನ್ ಕಂಬ) ಅದೇ ಬೋಲ್ಟ್ ತೂತುಗಳಿಗೆ. ಎಸ್12ಡಬ್ಲ್ಯೂ ಅಗಲದ್ದು. ಅದಕ್ಕೆ ಗಾಳಿಯಾಡುವ ವೆಂಟಿಲೇಟೆಡ್ ಡಿಸ್ಕ್ ಬೇಕು. ಸಾಮಾನ್ಯವಾಗಿ ಇದೇ ಜೆಡ್ ಸಾಲಿನ ಮುಂದಿನ ಕಾರು 300ಜೆಡ್‌ಎಕ್ಸ್‌ನ ಡಿಸ್ಕ್ ತಂದು, ಹಬ್‌ಗೂ ಡಿಸ್ಕ್‌ಗೂ ಮಧ್ಯೆ ಸ್ಪೇಸರ್ ಕೊಡುತ್ತಾರೆ. ರಸ್ತೆಯಲ್ಲಿ ಓಡಿಸುವ ಕಾರಿಗೆ ಮೊದಲನೆಯದೇ ಧಾರಾಳ ಸಾಕು. ರೇಸ್ ಟ್ರ್ಯಾಕ್‌ಗೆ ಹೋಗುವುದಿದ್ದರೆ ಮಾತ್ರ ಎರಡನೆಯದು.

ಯಾವುದೇ ಹಾಕಿ, ಡಿಸ್ಕ್ ಹಿಂದಿನ ಧೂಳಿನ ತಗಡು ಅಡ್ಡ ಬರುತ್ತದೆ, ಕತ್ತರಿಸಬೇಕು. ಕ್ಯಾಲಿಪರ್‌ಗೆ ಹೋಗುವ ಉಕ್ಕಿನ ಪೈಪ್ ಹೊಸದಾಗಿ ಬಗ್ಗಿಸಬೇಕು. 14 ಇಂಚಿನ ಮೂಲ ಚಕ್ರವೇ ಇದ್ದರೆ ಚಕ್ರ ಹಾಕಿ, ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ರಿಮ್ ಒಳಗೆ ಎಲ್ಲಾದರೂ ತಾಗುತ್ತದಾ ನೋಡಿ. ಬ್ಯಾಲೆನ್ಸ್ ಮಾಡಲು ಅಂಟಿಸಿದ ತೂಕದ ತುಂಡೂ ತಾಗಬಹುದು. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ!

ವೀಲ್ ಬೇರಿಂಗ್ ಮೊದಲು ಸರಿ ಮಾಡಿ. ಬೇರಿಂಗ್ ಸಡಿಲ ಇದ್ದರೆ ತಿರುವಿನಲ್ಲಿ ಡಿಸ್ಕ್ ಅಲ್ಲಾಡಿ ಪ್ಯಾಡನ್ನು ಹಿಂದಕ್ಕೆ ತಳ್ಳುತ್ತದೆ. ಆಮೇಲಿನ ಮೊದಲ ಒತ್ತಿಗೆ ಪೆಡಲ್ ಅರ್ಧ ಕೆಳಗೆ ಹೋಗುತ್ತದೆ. ಜನ ಗಾಳಿ ಸೇರಿದೆ ಅಂತ ಬ್ಲೀಡ್ ಮಾಡ್ತಾನೇ ಇರುತ್ತಾರೆ.

ಉತ್ತರ

ಟೈರ್ ಎಷ್ಟು ಹಳೆಯದು? ಕೊನೆಗೆ ಕಾರು ನಿಲ್ಲಿಸುವುದು ಅದೇ. ಈಗಿನ ಬ್ರೇಕ್‌ನಲ್ಲೇ ಚಕ್ರ ಲಾಕ್ ಆಗುತ್ತಿದ್ದರೆ ದೊಡ್ಡ ಕ್ಯಾಲಿಪರ್‌ನಿಂದ ಒಂದಡಿಯೂ ಬೇಗ ನಿಲ್ಲುವುದಿಲ್ಲ. ಬಿಸಿ ತಡೆದುಕೊಳ್ಳುವುದು ಜಾಸ್ತಿಯಾಗುತ್ತದೆ, ಅಷ್ಟೇ.

ಉತ್ತರ

ಹಿಂದಿನ ಡಿಸ್ಕ್ ಬಗ್ಗೆ ನನ್ನ ಮಾತು: ಬೇಡ. ನೋಡೋಕೆ ಚೆಂದ, ಒಪ್ಪುತ್ತೇನೆ. ಆದರೆ ಬ್ರೇಕ್ ಒತ್ತಿದಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ, ಹಿಂದಿನ ಚಕ್ರ ಹಗುರಾಗುತ್ತದೆ. ಮುಂದಿನ ಚಕ್ರ ಮೊದಲು ಲಾಕ್ ಆದರೆ ಕಾರು ನೇರ ಹೋಗುತ್ತದೆ. ಹಿಂದಿನದು ಮೊದಲು ಲಾಕ್ ಆದರೆ ಗಿರಕಿ ಹೊಡೆಯುತ್ತದೆ. 240ಜೆಡ್‌ನ ಹಿಂದಿನ ಡ್ರಮ್ ಅಲ್ಯೂಮಿನಿಯಂನದು, ಹೊರಗೆ ರೆಕ್ಕೆಗಳಿವೆ, ಬಿಸಿ ಚೆನ್ನಾಗಿ ಬಿಡುತ್ತದೆ. ಒಳ್ಳೆಯ ಬ್ರೇಕ್ ಶೂ (ಡ್ರಮ್‌ನ ಒಳಮೈಗೆ ಒತ್ತುವ ತುಂಡು) ಹಾಕಿ, ಅಡ್ಜಸ್ಟ್ ಮಾಡಿಟ್ಟುಕೊಳ್ಳಿ. ಪೆಡಲ್ ಉದ್ದ ಹೋಗುತ್ತದೆ ಅನ್ನುವ ದೂರು ಎಷ್ಟೋ ಸಲ ಶೂ ಅಡ್ಜಸ್ಟ್ ಮಾಡಿದರೆ ಹೋಗುತ್ತದೆ.

ಆದರೂ ಹಾಕಿಸಲೇಬೇಕು ಅಂದರೆ ಮೂರು ವಿಷಯ ಕೇಳಿಕೊಳ್ಳಿ. ಹ್ಯಾಂಡ್‌ಬ್ರೇಕ್ ಇರುವ ಕ್ಯಾಲಿಪರ್ರಾ? ಹಿಂದಿನ ಲೈನಿಗೆ ಒತ್ತಡ ಕಡಿಮೆ ಮಾಡುವ ಪ್ರಪೋರ್ಷನಿಂಗ್ ವಾಲ್ವ್ ಹಾಕುತ್ತಾರಾ? ಡ್ರಮ್‌ಗಾಗಿ ಇಟ್ಟ ರೆಸಿಡ್ಯುಯಲ್ ವಾಲ್ವ್ ಲೈನಿನಲ್ಲಿ ಇದ್ದರೆ ತೆಗೆಯುತ್ತಾರಾ? ಡ್ರಮ್ ಬ್ರೇಕ್ ಇರುವ ಹಲವು ಹಳೇ ಕಾರುಗಳಲ್ಲಿ ಈ ವಾಲ್ವ್ ಸುಮಾರು 10 ಪಿಎಸ್‌ಐ ಒತ್ತಡ ಯಾವಾಗಲೂ ಹಿಡಿದಿಟ್ಟಿರುತ್ತದೆ. ಡ್ರಮ್‌ನಲ್ಲಿ ಸ್ಪ್ರಿಂಗ್ ಶೂವನ್ನು ಹಿಂದಕ್ಕೆ ಎಳೆಯುತ್ತದೆ, ಸರಿ. ಡಿಸ್ಕ್‌ನಲ್ಲಿ ಎಳೆಯಲು ಸ್ಪ್ರಿಂಗ್ ಇಲ್ಲ. ಪ್ಯಾಡ್ ಉಜ್ಜುತ್ತಲೇ ಇರುತ್ತದೆ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ನಿಪ್ಪಲ್ ಪರೀಕ್ಷೆ ಮಾಡಿದೆ. ಎಡಗಡೆ ಚಕ್ರದಲ್ಲಿ ಒತ್ತಡ ಸಿಕ್ಕಿಕೊಂಡಿತ್ತು, ಹೋಸ್‌ದೇ ತೊಂದರೆ. ಡ್ರಮ್ ಹಾಗೇ ಇರಲಿ ಅಂತ ತೀರ್ಮಾನಿಸಿದೆ. ಒಂದು ಸಂದೇಹ: ಎರಡರ ಬದಲು ನಾಲ್ಕು ಪಿಸ್ಟನ್ ಅಂದರೆ ಹಿಡಿತ ಡಬಲ್ ಆಗುತ್ತದೆ ಅಲ್ವಾ? ಮಾಸ್ಟರ್ ಸಿಲಿಂಡರೂ ಬದಲಿಸಬೇಕಾ?

ಉತ್ತರ

ಅಲ್ಲ. ಎಷ್ಟು ಪಿಸ್ಟನ್ ಅನ್ನುವುದಕ್ಕಿಂತ ಅವುಗಳ ವಿಸ್ತೀರ್ಣ ಎಷ್ಟು ಅನ್ನುವುದು ಮುಖ್ಯ, ಅದೂ ಒಂದು ಕಡೆಯದು ಮಾತ್ರ. ಲೆಕ್ಕ ಹಾಕಿ: 54 ಮಿ.ಮೀ. ಪಿಸ್ಟನ್ ಒಂದರ ವಿಸ್ತೀರ್ಣ ಸುಮಾರು 2290 ಚದರ ಮಿ.ಮೀ. 38 ಮಿ.ಮೀ. ಪಿಸ್ಟನ್ ಎರಡು ಸೇರಿದರೆ 2268. ಅಂದರೆ ಈ ಅಳತೆಯ ನಾಲ್ಕು ಪಿಸ್ಟನ್ ಕ್ಯಾಲಿಪರ್‌ನ ಹಿಡಿತ ಕೂದಲೆಳೆಯಷ್ಟು ಕಡಿಮೆಯೇ! ಲಾಭ ಇರುವುದು ಬೇರೆ ಕಡೆ. ಉದ್ದನೆಯ, ದೊಡ್ಡ ಪ್ಯಾಡ್ ಹಾಕಬಹುದು, ಅದು ಸಮನಾಗಿ ಒತ್ತುತ್ತದೆ, ಬಿಸಿ ಹರಡುತ್ತದೆ. ಹಾಗಾಗಿ ಕೊಳ್ಳುವ ಮುಂಚೆ ಪಿಸ್ಟನ್ ಅಳತೆ ಕೇಳಿ.

ಒಟ್ಟು ವಿಸ್ತೀರ್ಣ ಹೆಚ್ಚಾಗಿದ್ದರೆ ಆಯಿಲ್ ಹೆಚ್ಚು ಬೇಕು, ಪೆಡಲ್ ಕೆಳಗಿಳಿಯುತ್ತದೆ. ಆಗ ಮಾಸ್ಟರ್ ಸಿಲಿಂಡರ್ ಮಾತು. ಮೂಲದ್ದು 7/8 ಇಂಚು. 280ಜೆಡ್‌ಎಕ್ಸ್‌ನ 15/16 ಇಂಚಿನದನ್ನು ತುಂಬಾ ಜನ ಹಾಕಿಸುತ್ತಾರೆ. ಅದು ಅಷ್ಟೇ ದೂರದ ಒತ್ತಿಗೆ ಸುಮಾರು 15% ಜಾಸ್ತಿ ಆಯಿಲ್ ತಳ್ಳುತ್ತದೆ. ಆದರೆ ಅಷ್ಟೇ ಒತ್ತಡ ಬರಲು ಕಾಲೂ 15% ಜಾಸ್ತಿ ಬಲ ಹಾಕಬೇಕು. ಪೆಡಲ್ ಗಟ್ಟಿ ಆಗಿದ್ದನ್ನೇ ಬ್ರೇಕ್ ಜೋರಾಗಿದೆ ಅಂದುಕೊಳ್ಳುವವರು ತುಂಬಾ. ಮೊದಲು ಹಳೆಯದರಲ್ಲೇ ಓಡಿಸಿ ನೋಡಿ. ಪೆಡಲ್ ತೀರಾ ಕೆಳಗೆ ಹೋದರೆ ಬದಲಿಸಿ.

ಬದಲಿಸುವಾಗ ಬೂಸ್ಟರ್‌ನ (ಕಾಲಿನ ಬಲವನ್ನು ಹೆಚ್ಚಿಸಿ ಕೊಡುವ ಭಾಗ) ತಳ್ಳುವ ಕಡ್ಡಿಯನ್ನು ಎಳೆಯಬೇಡಿ. ಅದರ ಬುಡದಲ್ಲಿ ಒಂದು ಚಿಕ್ಕ ರಬ್ಬರ್ ಬಿಲ್ಲೆ ಇದೆ, ರಿಯಾಕ್ಷನ್ ಡಿಸ್ಕ್ ಅಂತಾರೆ. ಕಡ್ಡಿ ಜೊತೆ ಅದು ಕಳಚಿ ಬೂಸ್ಟರ್ ಒಳಗೆ ಬಿದ್ದರೆ, ಆಮೇಲೆ ಬ್ರೇಕ್ ಹದಕ್ಕೇ ಸಿಗುವುದಿಲ್ಲ. ಮೊದಲು ಏನೂ ಹಿಡಿಯದೆ ಇದ್ದು ಗಬಕ್ಕನೆ ಹಿಡಿಯುತ್ತದೆ. ಹೊಸ ಸಿಲಿಂಡರ್ ಹಾಕಿದ ಮೇಲೆ ಕಡ್ಡಿಗೂ ಪಿಸ್ಟನ್‌ಗೂ ಮಧ್ಯೆ ಕೂದಲಷ್ಟು ಸಡಿಲ ಇರಬೇಕು. ಇಲ್ಲದಿದ್ದರೆ ಆಯಿಲ್ ವಾಪಸ್ ಹೋಗುವ ದಾರಿ ಮುಚ್ಚಿ, ಓಡುತ್ತಾ ಓಡುತ್ತಾ ಬ್ರೇಕ್ ತಾನಾಗಿಯೇ ಹಿಡಿಯುತ್ತಾ ಹೋಗುತ್ತದೆ.

ಉತ್ತರ

ಇನ್ನೆರಡು ಸೇರಿಸುತ್ತೇನೆ. ಕ್ಯಾಲಿಪರ್ ಎಡ ಬಲ ಅದಲು ಬದಲಾದರೂ ಬೋಲ್ಟ್ ಕೂರಬಹುದು. ಬ್ಲೀಡ್ ನಿಪ್ಪಲ್ ಮೇಲ್ಗಡೆ ಇದೆಯಾ ನೋಡಿ. ಕೆಳಗಿದ್ದರೆ ಎಷ್ಟು ಬ್ಲೀಡ್ ಮಾಡಿದರೂ ಮೇಲಿನ ಗಾಳಿ ಹೋಗುವುದಿಲ್ಲ.

ಬೇರೆ ಬೇರೆ ಕಾರಿನ ಪೈಪ್ ಸೇರಿಸುವಾಗ ನಟ್‌ನ ಥ್ರೆಡ್ (ತಿರುಪಿನ ಮರೆ) ಅಳೆಯಿರಿ. 10 ಮಿ.ಮೀ. ಮೆಟ್ರಿಕ್ ತೂತಿಗೆ 3/8 ಇಂಚಿನ ನಟ್ ಒಂದೆರಡು ಸುತ್ತು ಸಲೀಸಾಗಿ ಹೋಗುತ್ತದೆ, ಕೂತ ಹಾಗೇ ಕಾಣುತ್ತದೆ, ಒತ್ತಡ ಬಿದ್ದಾಗ ಕಿತ್ತು ಬರುತ್ತದೆ. ಎಲ್ಲ ಮುಗಿದ ಮೇಲೆ ಎಂಜಿನ್ ಚಾಲೂ ಇಟ್ಟು ಪೆಡಲ್ ಜೋರಾಗಿ ಒತ್ತಿ ಹಿಡಿದಿರಿ, ಇನ್ನೊಬ್ಬರು ಟಾರ್ಚ್ ಹಿಡಿದು ಪ್ರತಿ ಜಾಯಿಂಟ್ ನೋಡಲಿ. ಪೆಡಲ್ ನಿಧಾನಕ್ಕೆ ಇಳಿಯುತ್ತಿದ್ದರೆ ಕಾರನ್ನು ಹೊರಗೆ ತೆಗೆಯಬೇಡಿ. ಎಲ್ಲ ಸರಿ ಇದ್ದರೆ ಖಾಲಿ ರಸ್ತೆಯಲ್ಲಿ ಮಧ್ಯಮ ವೇಗದಿಂದ ನಿಧಾನ ಮಾಡುತ್ತಾ, ಪೂರ್ತಿ ನಿಲ್ಲಿಸದೆ, ಮಧ್ಯೆ ತಣ್ಣಗಾಗಲು ಬಿಡುತ್ತಾ ಪ್ಯಾಡ್ ಡಿಸ್ಕ್‌ಗೆ ಹೊಂದಿಕೊಳ್ಳುವಂತೆ ಕೂರಿಸಿ. ಬಿಸಿ ಡಿಸ್ಕ್ ಮೇಲೆ ಪೆಡಲ್ ಒತ್ತಿಕೊಂಡು ನಿಲ್ಲಬೇಡಿ. ಪ್ಯಾಡ್‌ನ ಅಚ್ಚು ಅಲ್ಲೇ ಮೆತ್ತಿಕೊಂಡು ಆಮೇಲೆ ಪೆಡಲ್ ನಡುಗುತ್ತದೆ.